ತಾನೇ ನೆಟ್ಟಗಾಗುವ ಹ್ಯಾಂಡಲ್

ಸಮಡೋಳಿಯ ಜ್ಯೋತೆಪ್ಪನ ಸೈಕಲ್ಲಿಗೆ ಊರಲ್ಲಿ ಒಂದು ಹೆಸರಿತ್ತು: ದಾರಿ ಬಲ್ಲ ಸೈಕಲ್. ಅಜ್ಜಿಕಥೆಯ ಕುದುರೆ ಒಡೆಯನ ಮನೆಯನ್ನು ತಾನೇ ಹುಡುಕಿಕೊಳ್ಳುವಂತೆ, ಕೈ ಬಿಟ್ಟರೂ ಅದರ ಹ್ಯಾಂಡಲ್ 'ಕಟ್' ಎಂದು ನಡುವಿಗೆ ಬಂದು ನೆಟ್ಟಗೆ ನಿಲ್ಲುತ್ತಿತ್ತು. ಹ್ಯಾಂಡಲ್ಲಿಗೆ ಹಾಲಿನ ಕ್ಯಾನು ತೂಗಹಾಕಿ ವರ್ಷಗಟ್ಟಲೆ ಸಾಂಗಲಿಗೆ ಹೋಗಿಬಂದ ಜ್ಯೋತೆಪ್ಪ, ಈಗ ಅದನ್ನು ಸೊಸೆ ಯೋಗಿತಾಳಿಗೆ ಕೊಟ್ಟಿದ್ದ. ಅವಳಿಗೆ ಕುಪವಾಡದ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಕೆಲಸ ಸಿಕ್ಕಿತ್ತು.

ಆ ಸಂಜೆ ಯೋಗಿತಾ ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದಳು. ಮೊಣಕಾಲಲ್ಲಿ ರಕ್ತ. ತುಟಿ ಬಿಳಚಿತ್ತು.

"ಅಗಬಾಯಿ! ಏನಾತವಾ?" ಅತ್ತೆ ಕೃಷ್ಣವ್ವ ಓಡಿಬಂದಳು.

"ಕಬ್ಬಿನ ಟ್ರ್ಯಾಕ್ಟರ್ ಎದುರು ಬಂತ್ರಿ. ಬಾಜೂಕ ಸರಿಯಾಕ ಹ್ವಾದೆ, ಹ್ಯಾಂಡಲ್ ಹೊಳ್ಳಲೇ ಇಲ್ರಿ! ಯಾರೋ ಒಳಗಿಂದ ಹಿಡದಂಗಾತು. ಜಿಗದೇನಿ, ಅದಕ್ಕ ಉಳದೇನಿ. ಟ್ರ್ಯಾಕ್ಟರಿನ ಗಾಲಿ ಓಢಣಿ ಮ್ಯಾಲೆ ಹೋತು."

ಹೆಗಲ ಮೇಲಿನ ಓಢಣಿಯ ತುದಿಯಲ್ಲಿ ಟೈರಿನ ಅಚ್ಚು ಕಪ್ಪಗೆ ಬಿದ್ದಿತ್ತು. ಬಾಯಿಗೆ ಕೈ ಒಯ್ದ ಕೃಷ್ಣವ್ವ ಅದನ್ನು ಕೆಳಗಿಳಿಸಲೇ ಇಲ್ಲ.

ಆ ಅಚ್ಚು ಕಂಡು ಜ್ಯೋತೆಪ್ಪನೂ ಹೆದರಿದ. ಬಾಯಿ ಮಾತ್ರ ಬೇರೆಯೇ ಅಂದಿತು: "ನೀ ಅಂಜಿ ಕೈ ಬಿಟ್ಟಿರಬೇಕು. ನಮ್ಮ ಸೈಕಲ್ ಅಂಥಾದ್ದಲ್ಲ. ನಾಳಿಂದ ಕೆಲಸಾ ಬ್ಯಾಡ, ಮನ್ಯಾಗಿರು."

ಯೋಗಿತಾಳಿಗೆ ಗಾಯಕ್ಕಿಂತ ಈ ಮಾತೇ ಉರಿಯಿತು.

ಗದ್ದಲ ಕೇಳಿ ಪಕ್ಕದ ಮನೆಯ ರೂಪಾಲಿ ಬಂದಳು. ಅವಳೂ ಕುಪವಾಡದಲ್ಲೇ, ಬೇರಿಂಗ್ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವಳು.

"ಕಾಕಾ, ಮುಂದಿನ ಗಾಲಿ ಜರಾ ಎತ್ತಿ ಹಿಡೀರಿ."

ರೂಪಾಲಿ ಬೆರಳಿಂದ ಹ್ಯಾಂಡಲ್ ದೂಡಿದಳು. ಕದಲಲಿಲ್ಲ. ಜೋರು ಮಾಡಿದಳು. 'ಕಟ್' ಎಂದು ಸರಿದದ್ದು, ಬಿಟ್ಟೊಡನೆ ಮತ್ತೆ ನಡುವಿಗೇ ಸಿಕ್ಕಿಕೊಂಡಿತು.

"ನೋಡಿದೇನು? ದಾರಿ ಬಿಡೂದಿಲ್ಲ ಅದು!"

"ದಾರಿ ಹಿಡದದ್ದಲ್ರಿ ಕಾಕಾ. ತೆಗ್ಗಿನ್ಯಾಗ ಬಿದ್ದದ್ದು."

"ಎಲ್ಲೈತಿ ತೆಗ್ಗು? ರಸ್ತಾದಾಗ?"

"ಹ್ಯಾಂಡಲ್ಲಿನ ಕುತ್ತಿಗ್ಯಾಗ."

"ಹುಚ್ಚ ಹಿಡದೈತಿ ನಿನಗ!"

"ಬಿಚ್ಚಿ ತೋರಸ್ಲಿ ಬಿಡ್ರಿ," ಕೃಷ್ಣವ್ವ ರೇಗಿದಳು. "ಸೈಕಲ್ ಏನು ನಿಮ್ಮ ತಲೀ ಪಟಗಾ ಏನ, ಮುಟ್ಟಿದ್ರ ಮಾನಾ ಹೋಗಾಕ?"

ಬಿಚ್ಚಿದರು. ಹ್ಯಾಂಡಲ್ ತಿರುಗುವ ಜಾಗದಲ್ಲಿ ಉಕ್ಕಿನ ಬಟ್ಟಲಿನಂಥ ಕಪ್, ಅದರೊಳಗೆ ಉರುಳುವ ಸಣ್ಣ ಗುಂಡುಗಳು, ಛರ್ರಾ. ಗ್ರೀಸ್ ಒಣಗಿ ನಶ್ಯದಂತಾಗಿತ್ತು. ಒಂದು ಗುಂಡು ಒಡೆದು ಅಡ್ಡ ಸಿಕ್ಕಿತ್ತು. ರೂಪಾಲಿ ಕಪ್ ಒರೆಸಿದಾಗ ಎಲ್ಲರೂ ಬಗ್ಗಿ ನೋಡಿದರು: ಅಳಗುಳಿ ಮಣೆಯಲ್ಲಿರುವಂತೆ ಸುತ್ತಲೂ ಗುಳಿಗಳು!

ಜ್ಯೋತೆಪ್ಪ ಬೆರಳಾಡಿಸಿ ನೋಡಿದ. "ಇಷ್ಟ ವರ್ಷ ನಾ ಹೊಗಳಿದ್ದು... ಇದನ್ನ?"

"ಮೊದಲ ಬ್ರೇಕ್ ಹಾಕಿದ್ರ ಟಕ್ ಟಕ್ ಅಂತಿತ್ತಲ್ರಿ?"

"ಅಂತಿತ್ತು. ಪಾನಾ ಹಾಕಿ ನಟ್ಟ ಗಚ್ಚ ಬಿಗದೆ. ಸಪ್ಪಳಾ ನಿಂತ್ತು."

"ಸಪ್ಪಳಾ ನಿಂತ್ತು, ತೆಗ್ಗ ಬಿತ್ತು. ಸಡಲಿದ್ರ ಛರ್ರಾ ಬಡೀತಾವ, ಗಚ್ಚಾದ್ರ ಕೊರೀತಾವ. ಮ್ಯಾಲೆ ನಿಮ್ಮ ಕ್ಯಾನಿನ ಭಾರ ಬ್ಯಾರೆ."

"ಈಗ ಗ್ರೀಸ್ ಹಚ್ಚಿದ್ರ?"

"ಗ್ರೀಸಿಗೆ ತೆಗ್ಗು ತುಂಬೂದಿಲ್ರಿ. ಕಪ್, ಛರ್ರಾ ಎಲ್ಲಾ ಹೊಸಾವ ಬೇಕು."

ಮರುದಿನ ಜ್ಯೋತೆಪ್ಪನೇ ಸಾಂಗಲಿಯಿಂದ ಹೊಸ ಸೆಟ್ ತಂದ. ಹಳೆಯ ಕಪ್‌ಗಳನ್ನು ರೂಪಾಲಿ ಬಡಿದು ತೆಗೆದು ಹೊಸವನ್ನು ಕೂರಿಸಿದಳು. ಮುಂದಿನದನ್ನು ಅವಳು ಹೇಳಿದಂತೆ ಯೋಗಿತಾಳೇ ಮಾಡಿದಳು. ದಪ್ಪಗೆ ಗ್ರೀಸ್ ಮೆತ್ತಿ ಗುಂಡು ಜೋಡಿಸಿದಳು. ಅಲುಗಾಟ ನಿಲ್ಲುವವರೆಗೆ ಮಾತ್ರ ಮೇಲಿನ ಕಪ್ ಕೈಯಿಂದ ತಿರುವಿದಳು. ಅದನ್ನು ಒಂದು ಪಾನಾದಿಂದ ಹಿಡಿದು, ಇನ್ನೊಂದರಿಂದ ಮೇಲಿನ ನಟ್ಟು ಬಿಗಿದಳು. ಗಾಲಿ ಎತ್ತಿ ನೋಡಿದರೆ ಹ್ಯಾಂಡಲ್ ಬಿಗಿ. "ನಟ್ಟು ಬಿಗದಾಗ ಕಪ್ಪೂ ಬಿಗೀತೈತಿ, ಕೂದಲೆಳಿಯಷ್ಟ ಸಡಲಸು," ಎಂದಳು ರೂಪಾಲಿ. ಈಗ ಹ್ಯಾಂಡಲ್ ಎರಡೂ ಕಡೆ ನೀರಿನಂತೆ ಹೊರಳಿತು. ಬ್ರೇಕ್ ಹಿಡಿದು ಹಿಂದೆ ಮುಂದೆ ದೂಡಿದರು. ಟಕ್ ಎನ್ನಲಿಲ್ಲ.

"ನಾಳೆ ಎಷ್ಟಕ್ಕ ಹೊಂಡತಿ?" ಜ್ಯೋತೆಪ್ಪ ಕೇಳಿದ.

"ಕೆಲಸಾ ಬ್ಯಾಡ ಅಂದಿದ್ರಲ್ರಿ?"

"ಬ್ಯಾಡ ಅನ್ನೂದು ಸೈಕಲ್ಲಿಗಿತ್ತವಾ. ತಪ್ಪಿ ನಿನಗಂದೆ."

ಓದುತ್ತಿರುವ ಅಕ್ಕ, ಅಣ್ಣ, ಈ ಹಾಳೆ ಕೆಳಗಿಟ್ಟು ನಿಮ್ಮ ಸೈಕಲ್ಲಿನ ಮುಂದಿನ ಗಾಲಿ ಎತ್ತಿ. ಹ್ಯಾಂಡಲ್ ನಡುವೆ ಸಿಕ್ಕಿಕೊಂಡರೆ ಇಂದು ಅದರ ಮೇಲೆ ಯಾರನ್ನೂ ಕಳಿಸಬೇಡಿ. ಬ್ರೇಕ್ ಹಿಡಿದು ಅಲುಗಿಸಿದಾಗ ಟಕ್ ಎಂದರೆ ಇಂದೇ ಸರಿಮಾಡಿಸಿ, ಗಚ್ಚಗೆ ಬಿಗಿದು ಬಾಯಿ ಮುಚ್ಚಿಸಬೇಡಿ. ಮಳೆಗಾಲ ಕಳೆದ ಮೇಲೊಮ್ಮೆ ಬಿಚ್ಚಿಸಿ, ಒರೆಸಿ, ಹೊಸ ಗ್ರೀಸ್ ಹಾಕಿಸಿ. ಸೈಕಲ್ ಓಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ತಿರುಗುತ್ತದೆಯೇ ನೋಡಿ.