ಹಳದಿ ಖಾನೆಯ ಹದಿನೆಂಟು

ನಾನು ಅಂದಾಜು ಬರೆಯುವವಳು. ದೇಶದಲ್ಲಿ ಸೈಬರ್ ಭದ್ರತೆಯ ಮಾರುಕಟ್ಟೆ ಮುಂದಿನ ವರ್ಷ ಎಷ್ಟು ಬೆಳೆಯುತ್ತದೆ, ಯಾರಿಂದ ಎಷ್ಟು ಬೇಡಿಕೆ ಬರುತ್ತದೆ ಎಂದು ಫೋನಿನಲ್ಲಿ ವಿಚಾರಿಸಿ ದಪ್ಪನೆಯ ವರದಿ ಹೊರಡಿಸುವ ಕಚೇರಿಯಲ್ಲಿ ಹದಿನಾರು ವರ್ಷ ಕುರ್ಚಿ ಸವೆಸಿದ್ದೇನೆ. ಕಂಪ್ಯೂಟರಿಗೆ ಕನ್ನ ಹಾಕುವವರ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಅವರಿಗೆ ಹೆದರುವವರ ಬಗ್ಗೆ ಮಾತ್ರ ಚೆನ್ನಾಗಿ ಗೊತ್ತು.

ನಮ್ಮಲ್ಲಿ ಒಂದು ರೂಢಿಯಿದೆ. ಖಚಿತವಾಗದ ಅಂಕಿಯ ಖಾನೆಗೆ ಹಳದಿ ಬಳಿಯುತ್ತೇವೆ. ಸದ್ಯಕ್ಕೆ ಇರಲಿ, ಆಮೇಲೆ ವಿಚಾರಿಸು ಎಂದು ಅದರ ಅರ್ಥ. ಹೋದ ವರ್ಷ ‘ಸಣ್ಣ ಆಸ್ಪತ್ರೆಗಳ ಬೇಡಿಕೆ’ ಎಂಬ ಸಾಲಿಗಾಗಿ ಎಷ್ಟು ಕರೆ ಮಾಡಿದರೂ ಹೆಚ್ಚಿನವರು ಫೋನ್ ಎತ್ತಲಿಲ್ಲ. ಎತ್ತಿದವರು ನನ್ನನ್ನೇ ರೋಗಿಯೆಂದುಕೊಂಡು, ಯಾವ ಡಾಕ್ಟರನ್ನು ನೋಡಬೇಕು ಎಂದು ಕೇಳಿದರು. ಬೇಸತ್ತು ಶೇಕಡಾ ಹದಿನೆಂಟು ಬೆಳವಣಿಗೆ ಎಂದು ಹಾಕಿ ಹಳದಿ ಬಳಿದೆ. ಹದಿನೆಂಟೇ ಏಕೆ? ಮೇಲಿನ ಸಾಲಿನಲ್ಲಿ ಹದಿನೇಳಿತ್ತು, ಕೆಳಗೆ ಹತ್ತೊಂಬತ್ತು. ನಡುವೆ ಇದು ಸಭ್ಯವಾಗಿ ಕಂಡಿತು.

ಅಷ್ಟರಲ್ಲಿ ಗಡುವಪ್ಪ ಬಂದು ತಲೆಯ ಮೇಲೆ ನಿಂತರು. ಅವರು ನಮ್ಮ ಮೇಲಧಿಕಾರಿ. ಗಡುವು ಬಿಟ್ಟರೆ ಬೇರೆ ಮಾತೇ ಆಡದ್ದರಿಂದ ನಾವಿಟ್ಟ ಹೆಸರು. ಪುಟ ವಿನ್ಯಾಸದವರು ಕೋಷ್ಟಕಕ್ಕೆಲ್ಲ ಅಂದವಾದ ನೀಲಿ ಕೊಟ್ಟರು. ಹಳದಿ ಹೋಯಿತು, ಹದಿನೆಂಟು ಅಚ್ಚಾಯಿತು. ವಾರದ ಮೇಲೆ ಅದು ಕಣ್ಣಿಗೆ ಬಿದ್ದಾಗ ನಾಲಿಗೆ ಕಚ್ಚಿಕೊಂಡೆ. ಯಾರು ಓದುತ್ತಾರೆ ಬಿಡು ಎಂದು ಸುಮ್ಮನಾದೆ.

ಈ ವರ್ಷ ಅದೇ ಖಾನೆಗೆ ಮತ್ತೆ ಹಳದಿ ಬಳಿದು, ಭದ್ರತಾ ಸಾಫ್ಟ್‌ವೇರ್ ಮಾರುವವರಿಗೆ ಫೋನ್ ಮಾಡಿದೆ. “ಸಣ್ಣ ಆಸ್ಪತ್ರೆಗಳಾ? ಹದಿನೆಂಟು ಮೇಡಂ, ಕಣ್ಮುಚ್ಚಿ ಬರ್ಕೊಳ್ಳಿ,” ಎಂದ ಒಬ್ಬ. ಇನ್ನೊಬ್ಬನದೂ ಅದೇ. ಐದನೆಯವನನ್ನು, ನಿಮಗೆ ಹೇಗೆ ಗೊತ್ತು ಎಂದು ಕೆದಕಿದರೆ ನಮ್ಮ ವರದಿಯ ಹೆಸರನ್ನೇ ಹೇಳಿದ! ನನಗೆ ನಗು ಬಂತು, ಸುಳ್ಳೇಕೆ ಹೇಳಲಿ. ಗಡುವಪ್ಪನವರಂತೂ, “ಐದೂ ಜನ ಒಂದೇ ಹೇಳ್ತಾರೆ ಅಂದ್ಮೇಲೆ ಖಚಿತ ಆಯ್ತಲ್ಲಮ್ಮ, ಹಳದಿ ತೆಗೀರಿ,” ಎಂದರು. ತೆಗೆದೆ.

ಆ ಶನಿವಾರ ನನ್ನ ತಮ್ಮ ಊಟಕ್ಕೆ ಬಂದವನು ತಟ್ಟೆಯ ಪಕ್ಕ ಒಂದು ಕಾಗದ ಇಟ್ಟ. ರಾಜೀನಾಮೆ. ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದಾನೆ. ಪಾಠದ ಮಾತೆತ್ತಿದರೆ ಸಾಕು, ಮುಖ ಅರಳುವ ಜಾತಿ.

“ಸೋಮವಾರ ಕೊಡ್ತೀನಕ್ಕ. ಸಣ್ಣ ಆಸ್ಪತ್ರೆಗಳ ಕಂಪ್ಯೂಟರ್ ಕಾಯೋಕೆ ನಂದೇ ಒಂದು ಕಂಪನಿ ಶುರು ಮಾಡ್ತೀನಿ. ಹದಿನೆಂಟು ಪರ್ಸೆಂಟ್ ಬೆಳೀತಿದೆ, ಈಗ ಬಿಟ್ರೆ ಕೈ ಜಾರತ್ತೆ.”



“ಆ ಅಂಕಿ ಸುಳ್ಳು ಕಣೋ. ನಾನೇ ಸುಮ್ನೆ ಹಾಕಿದ್ದು,” ಎಂದು ಹಳದಿಯ ಕಥೆಯನ್ನೆಲ್ಲ ಒಪ್ಪಿಸಿದೆ.

ಅವನು ನಕ್ಕ. “ಹೆದರಿಸ್ಬೇಡ ಸುಮ್ನಿರು. ನಾಲ್ಕು ಕಡೆ ನೋಡಿದೀನಿ, ಎಲ್ಲ ಕಡೆ ಅದೇ ಇದೆ.”

“ನಾಲ್ಕೂ ಕಡೆ ಇರೋದು ನಾನೇ ಕಣೋ!”

ಅವನ ನಗು ಇಳಿಯಿತು. “ನಾನು ಅವರನ್ನೆಲ್ಲ ನಂಬ್ಲಿಲ್ಲಕ್ಕ. ವರದಿ ನಿಂದು ಅಂತ ನಂಬಿದ್ದು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಅವನ ಮುಖ ನೋಡಲಾಗದೆ ಒಳಗೆ ಹೋಗಿ ಆಸ್ಪತ್ರೆಗಳ ಫೋನ್ ಪಟ್ಟಿ ತಂದೆ. ಕೈ ತೊಳೆದುಕೊಂಡು ಇಬ್ಬರೂ ಒಂದೊಂದಾಗಿ ಕರೆ ಮಾಡತೊಡಗಿದೆವು. ಒಂದು ಆಸ್ಪತ್ರೆಯವರು, ತಮ್ಮಲ್ಲಿ ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್, ಯಾರೂ ಮರೆಯುವುದಿಲ್ಲ ಎಂದು ಹೆಮ್ಮೆಪಟ್ಟರು. ಇನ್ನೊಂದರಲ್ಲಿ ಅದನ್ನೆಲ್ಲ ಡಾಕ್ಟರ ಭಾವಮೈದ ನೋಡಿಕೊಳ್ಳುತ್ತಾನಂತೆ. ಎಂಟು ಕಡೆ ಫೋನ್ ಎತ್ತಲೇ ಇಲ್ಲ. ಸಿಕ್ಕವರಿಗೆಲ್ಲ ಭದ್ರತೆಯ ಅಗತ್ಯ ಕಣ್ಣಿಗೆ ಹೊಡೆಯುವಂತಿತ್ತು, ಬೇಕು ಎಂದವರು ಒಬ್ಬರೂ ಇರಲಿಲ್ಲ. ಅಗತ್ಯವನ್ನೇ ಬೇಡಿಕೆಯೆಂದು ಇಷ್ಟು ವರ್ಷ ಎಷ್ಟು ಸಲ ಬರೆದೆನೋ.

ಹದಿನಾಲ್ಕನೆಯ ಕರೆಯಲ್ಲಿ ಸಿಕ್ಕ ಮೇಲ್ವಿಚಾರಕಿ ಮಾತ್ರ, “ನಮಗೆ ಬೇಕೇ ಬೇಕು,” ಎಂದರು. ತಮ್ಮ ಬೆನ್ನು ನೆಟ್ಟಗೆ ಮಾಡಿದ.

“ಯಾಕೆ ಬೇಕು ಅನ್ನಿಸ್ತು ಮೇಡಂ?”

“ಎಲ್ಲರೂ ತಗೋತಿದಾರಂತಲ್ಲ, ಹದಿನೆಂಟು ಪರ್ಸೆಂಟಂತೆ.”

ಅವನು ಫೋನ್ ಕೆಳಗಿಟ್ಟು ನನ್ನತ್ತ ತಿರುಗಿದ. “ಈಗ ನಿಜ ಹೇಳಕ್ಕ. ನಿನ್ನ ಪ್ರಕಾರ ಎಷ್ಟು ಬೆಳೆಯತ್ತೆ?”

ಹನ್ನೆರಡು ಎಂಬ ಅಂಕಿ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಅಭ್ಯಾಸಬಲ ನೋಡಿ. ನುಂಗಿಕೊಂಡೆ.

“ಗೊತ್ತಿಲ್ಲ ಕಣೋ.”

ಹದಿನಾರು ವರ್ಷದಲ್ಲಿ ಈ ಪ್ರಶ್ನೆಗೆ ನಾನು ಆ ಉತ್ತರ ಕೊಟ್ಟದ್ದು ಅದೇ ಮೊದಲು. ಅವನು ರಾಜೀನಾಮೆಯನ್ನು ಮಡಚಿ ಜೇಬಿಗೆ ಸೇರಿಸಿದ.

“ಇದನ್ನ ನಂಬ್ತೀನಿ,” ಎಂದು ಪಟ್ಟಿಯ ಮುಂದಿನ ನಂಬರು ಒತ್ತಿದ.