ಕೇಳದೆ ಬರೆದ ಚಿತ್ರ

ಗೀಚಿ ಎಂಬ ಹೆಸರು ಅವಳಿಗೆ ಅಂಟಿಕೊಂಡದ್ದು ಸರಿಯಾಗಿ ಮಾತು ಬರುವ ಮೊದಲೇ. ಇದ್ದಿಲು, ಬಳಪ, ಅಕ್ಕನ ಲಿಪ್‌ಸ್ಟಿಕ್ಕು, ಕೈಗೆ ಸಿಕ್ಕಿದ್ದರಲ್ಲಿ ಗೋಡೆ ಗೀಚುತ್ತಿದ್ದ ಮಗು ಅದು. ಈಗ ನಲವತ್ತು ದಾಟಿ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಅಳತೆಗೆ ತಂದು ಕೂರಿಸುವ ಕೆಲಸದಲ್ಲಿದ್ದರೂ ಮನೆಯಲ್ಲಿ ಗೀಚಿ ಗೀಚಿಯೇ. ಅಮ್ಮ ಬೇಗ ತೀರಿಕೊಂಡಳು, ಸಾಕಿದ್ದು ಅಕ್ಕ. ಗೀಚಿ ಮದುವೆಯಾಗಲಿಲ್ಲ. ಅಕ್ಕ-ಭಾವನ ಮನೆಯ ಮಹಡಿಯ ಮೇಲೆ ಒಂದು ಕೋಣೆ ಮಾಡಿಕೊಂಡು, ಅಲ್ಲೇ ಮಲಗಿ, ಅಲ್ಲೇ ಬಣ್ಣ ಕಲಸಿ, ಊಟಕ್ಕೆ ಮಾತ್ರ ಕೆಳಗಿಳಿದು ಬರುತ್ತಿದ್ದಳು.

ಪ್ರದರ್ಶನದ ಮಾತು ಬಂದದ್ದು ಅಂಗಡಿಯಲ್ಲೇ. ಒಬ್ಬರು ಹೆಂಗಸು ಕಡ್ಡಿ ಮುರಿದ ಕನ್ನಡಕ ರಿಪೇರಿಗೆ ತಂದವರು, ಕಾಯುತ್ತ ಕೂತಾಗ ಮೇಜಿನ ಮೇಲಿದ್ದ ಗಾಜು ಸುತ್ತುವ ಕಾಗದವನ್ನು ಎತ್ತಿ ನೋಡಿದರು. ಅದರ ಮೇಲೆ ಪೆನ್ಸಿಲ್ ಗೆರೆಗಳಲ್ಲಿ ಅಂಗಡಿಯ ಯಜಮಾನ, ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಸುತ್ತ, ಬಾಯಿ ಬಿಟ್ಟುಕೊಂಡು ಕೂತಿದ್ದ.

"ಇದನ್ನ ಯಾರು ಬರೆದಿದ್ದು?"

ಗೀಚಿ ಬೈಗುಳಕ್ಕೆ ತಯಾರಾಗಿ ಮೆಲ್ಲಗೆ ಕೈ ಎತ್ತಿದಳು. ಆಕೆ ಬೈಯಲಿಲ್ಲ. ಹತ್ತಿರದ ಬೀದಿಯಲ್ಲೇ ಆಕೆಯದೊಂದು ಸಣ್ಣ ಗ್ಯಾಲರಿ ಇತ್ತು. ಮುಂದಿನ ಭಾನುವಾರ ಗೀಚಿಯ ಕೋಣೆಗೆ ಬಂದು, ಬಟ್ಟೆ ಒಗೆಯುವ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಗೋಡೆಗೆ ಒರಗಿಸಿದ್ದ ಚಿತ್ರಗಳನ್ನೆಲ್ಲ ನೋಡಿದರು. ಎಲ್ಲವೂ ಮನೆ ಮಂದಿಯವೇ, ಅಕ್ಕಪಕ್ಕದವರವೇ. ಮರ ಕೊರೆಯುವ ಭಾವ, ಕಾಲು ನೀವಿಕೊಳ್ಳುವ ಪಕ್ಕದ ಮನೆಯ ನರ್ಸು, ಬಸ್ಸಿನಲ್ಲಿ ನಿದ್ದೆ ಹೋದ ಯಾರೋ. "ಎಣ್ಣೆಬಣ್ಣದಲ್ಲಿ ಇನ್ನಷ್ಟು ಮಾಡಿ. ಮಳೆಗಾಲ ಕಳೆಯೋದರೊಳಗೆ ಒಂದು ಪ್ರದರ್ಶನ ಇಡೋಣ," ಎಂದರು.

ಅಂದಿನಿಂದ ಗೀಚಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಯಿಂದ ಬಂದವಳೇ ಮಹಡಿ ಏರುವಳು. ಉಗುರಿನ ಸಂದಿಯಲ್ಲಿ ಬಣ್ಣ, ಕೂದಲಲ್ಲಿ ಟರ್ಪೆಂಟೈನ್ ವಾಸನೆ. "ಗಿರಾಕಿಗಳು ನಮ್ಮದು ಕನ್ನಡಕದ ಅಂಗಡಿಯೋ ಪೇಂಟ್ ಅಂಗಡಿಯೋ ಅಂತ ಕೇಳ್ತಾರಮ್ಮ," ಎಂದು ಯಜಮಾನ ಗೊಣಗಿದ. ಆದರೂ ತನ್ನ ಚಿತ್ರವನ್ನೂ ಇಡುತ್ತಾರಾ ಎಂದು ಎರಡೆರಡು ಸಲ ವಿಚಾರಿಸಿಕೊಂಡ.

ಆ ದಿನಗಳಲ್ಲೇ ಅಕ್ಕನ ಹಲ್ಲಿನ ಸೆಟ್ಟು ಮುರಿದದ್ದು.

ಅಕ್ಕನಿಗೆ ಮುಂದಿನ ಹಲ್ಲುಗಳು ಇರಲಿಲ್ಲ ಎಂಬುದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ವರ್ಷಗಳ ಹಿಂದೆ ಬಸ್ಸು ತಟ್ಟನೆ ಬ್ರೇಕು ಹಾಕಿದಾಗ ಮುಂದಿನ ಕಂಬಿಗೆ ಮುಖ ಬಡಿದು ಹೋದವು. ಆಕೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಊರಿಗೆ ಊರೇ ದಿನಕ್ಕೊಮ್ಮೆ ಆ ಕಿಂಡಿಯಲ್ಲಿ ಆಕೆಯ ಮುಖ ನೋಡುತ್ತಿತ್ತು. ಕಟ್ಟಿಸಿದ ಹಲ್ಲಿಲ್ಲದೆ ಆಕೆ ಹಾಲಿನವನಿಗೂ ಬಾಗಿಲು ತೆಗೆಯುತ್ತಿರಲಿಲ್ಲ. ಸೆಟ್ಟು ರಿಪೇರಿಗೆ ಹೋದಷ್ಟು ದಿನ ಜ್ವರವೆಂದು ರಜೆ ಹಾಕಿ, ಬಾಯಿಗೆ ಟವೆಲ್ಲು ಅಡ್ಡ ಹಿಡಿದುಕೊಂಡೇ ಮನೆಯೊಳಗೆ ಓಡಾಡಿದಳು.

ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿಗೆ ಕೂತು ಅಕ್ಕ ಬಟಾಣಿ ಬಿಡಿಸುತ್ತಿದ್ದಳು. ಎರಡು ಕೈಗೂ ಕೆಲಸವಿದ್ದದ್ದರಿಂದ ಟವೆಲ್ಲು ಹೆಗಲ ಮೇಲಿತ್ತು. ಎದುರಿಗೆ ಕೂತ ಭಾವ, "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ನೋಡು, ಬುಟ್ಟಿ ತುಂಬ ಬಟಾಣಿ!" ಎಂದ. ಅಂಥ ದೊಡ್ಡ ಹಾಸ್ಯವೇನಲ್ಲ. ಆದರೆ ಅಕ್ಕನಿಗೆ ಎಲ್ಲಿತ್ತೋ ನಗು, ತಲೆ ಹಿಂದಕ್ಕೆ ಚೆಲ್ಲಿ, ಬೊಚ್ಚುಬಾಯಿ ಅಗಲಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬಟಾಣಿ ನೆಲದ ತುಂಬ ಉರುಳಿದವು. ಮೇಜಿನ ತುದಿಯಲ್ಲಿ ಕೂತಿದ್ದ ಗೀಚಿಯ ಪೆನ್ಸಿಲು ಆಗಲೇ ಓಡತೊಡಗಿತ್ತು.

ನಗು ನಿಂತ ಮೇಲೆ ಅಕ್ಕ ಕೇಳಿದಳು. "ಏನೇ ಅದು, ಏನು ಬರೀತಿದ್ದೀಯ?"

"ಬಟಾಣಿ," ಎಂದಳು ಗೀಚಿ.

ಆ ಗೆರೆಗಳನ್ನು ದೊಡ್ಡ ಕ್ಯಾನ್ವಾಸಿಗೆ ಏರಿಸಿ ಬಣ್ಣ ತುಂಬಿದ ಮೇಲೆ ಗೀಚಿ ತಾನೇ ಬೆರಗಾದಳು. ಇಷ್ಟು ವರ್ಷ ಗೀಚಿದ್ದರಲ್ಲಿ ಇದೊಂದೇ ಅಂದುಕೊಂಡಂತೆ ಬಂದದ್ದು. ಅಲ್ಲ, ಅಂದುಕೊಂಡದ್ದಕ್ಕಿಂತ ಮೇಲಾಗಿ ಬಂದದ್ದು. ಗ್ಯಾಲರಿಯ ಯಜಮಾನಿ ಅದನ್ನು ನೋಡಿ ಬಹಳ ಹೊತ್ತು ಬಕೆಟ್ಟಿನಿಂದ ಏಳಲೇ ಇಲ್ಲ. "ಇದು ಎದುರು ಗೋಡೆಗೆ. ಬಾಗಿಲು ತೆಗೆದ ತಕ್ಷಣ ಇದೇ ಕಾಣಬೇಕು. ಯಾರಿವರು?"

"ನಮ್ಮಕ್ಕ."

"ಪುಣ್ಯವಂತರು ನೀವು. ಇಂಥ ಮುಖ ಯಾರೂ ಸುಲಭಕ್ಕೆ ಕೊಡಲ್ಲ."

ಕೊಟ್ಟಿಲ್ಲ ಎಂದು ಹೇಳಲು ಗೀಚಿಯ ನಾಲಿಗೆ ಏಳಲಿಲ್ಲ.

ಚಿತ್ರಗಳಿಗೆಲ್ಲ ಮರದ ಚೌಕಟ್ಟು ಹಾಕುವವನು ಭಾವನೇ. ಮನೆಯ ಹಿಂದಿನ ಶೆಡ್ಡೇ ಅವನ ಕಾರ್ಖಾನೆ. ಗೀಚಿ ಆ ಚಿತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಸೆಟ್ಟು ರಿಪೇರಿಯಾಗಿ ಅಕ್ಕ ಮತ್ತೆ ಕೆಲಸಕ್ಕೆ ಹೋದ ಮೇಲೆ ಕೆಳಗಿಳಿಸಿದಳು. ಭಾವ ಬಿಚ್ಚಿ ನೋಡಿದ. ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದ, ಮತ್ತೆ ಅಲ್ಲೇ ಇಟ್ಟ.

"ಇವಳಿಗೆ ಗೊತ್ತಾ?"

"ಹೇಳ್ತೀನಿ ಭಾವ."

"ಯಾವಾಗ? ಊರಿಗೆಲ್ಲ ಡಂಗುರ ಹೊಡೆದ ಮೇಲಾ?"

"ಹೇಳ್ತೀನಿ ಅಂದ್ನಲ್ಲ."

ಭಾವ ಚಿತ್ರದ ಅಳತೆ ತೆಗೆದುಕೊಂಡ. ಇದ್ದುದರಲ್ಲೇ ಒಳ್ಳೆಯ ಮರ ಆರಿಸಿ, ಮೂಲೆಗಳನ್ನು ಕೂದಲು ತೂರದಂತೆ ಕೂಡಿಸಿ, ಮುಖ ಗೋಡೆಯ ಕಡೆ ತಿರುಗಿಸಿ ಇಟ್ಟ. ಗೀಚಿ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದಳು. ಅಕ್ಕ ಸಿಟ್ಟಿನಲ್ಲಿದ್ದರೆ ಇವತ್ತು ಬೇಡ. ಖುಷಿಯಲ್ಲಿದ್ದರೆ ಸುಮ್ಮನೆ ಯಾಕೆ ಕೆಡಿಸಬೇಕು. ಒಟ್ಟಿನಲ್ಲಿ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಪಾಡು.

ಒಂದು ಸಂಜೆ ಅಕ್ಕ ಟೀ ಆರಿ ಹೋಗುತ್ತದೆಂದು ಭಾವನನ್ನು ಕರೆಯಲು ಶೆಡ್ಡಿಗೆ ಬಂದಳು. ಗೀಚಿ ಅಲ್ಲೇ ಕೂತು ಇನ್ನೊಂದು ಚೌಕಟ್ಟಿಗೆ ಮರಳುಕಾಗದ ಉಜ್ಜುತ್ತಿದ್ದಳು. "ಇದೊಂದನ್ನ ಯಾಕೆ ಶಿಕ್ಷೆ ಕೊಟ್ಟ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೀರ?" ಎನ್ನುತ್ತ ಅಕ್ಕ ಅದನ್ನು ಈಚೆ ತಿರುಗಿಸಿಯೇ ಬಿಟ್ಟಳು.

ಭಾವ ಎಳೆಯುತ್ತಿದ್ದ ಗರಗಸ ಮರದ ನಡುವೆ ನಿಂತಿತು.

ಅಕ್ಕ ಕೂಗಾಡಲಿಲ್ಲ. ನೋಡಿದಳು. ಕೈ ತಾನಾಗಿ ಬಾಯಿಗೆ ಹೋಯಿತು. "ಚೌಕಟ್ಟು ಚೆನ್ನಾಗಿ ಬಂದಿದೆ," ಎಂದು ಗಂಡನಿಗೆ ಹೇಳಿ, ಚಿತ್ರವನ್ನು ಇದ್ದ ಹಾಗೇ ತಿರುಗಿಸಿಟ್ಟು ಹೊರಟು ಹೋದಳು.

ಆಮೇಲೆ ಮನೆಯಲ್ಲಿ ಮಾತು ಸತ್ತಿತು. ಅಕ್ಕ ಅಡುಗೆ ಮಾಡುವಳು, ತಟ್ಟೆಗೆ ಬಡಿಸುವಳು, ಭಾವನ ಕೈಯಲ್ಲಿ ಮೇಲಕ್ಕೆ ಕಳಿಸುವಳು. ತಟ್ಟೆಯಲ್ಲಿ ಉಪ್ಪು ಹುಳಿ ಎಲ್ಲ ಸರಿಯಾಗಿರುತ್ತಿತ್ತು. ಅದೇ ಗೀಚಿಗೆ ಹೆಚ್ಚು ಚುಚ್ಚುತ್ತಿತ್ತು. "ನಾನು ಈ ವಯಸ್ಸಲ್ಲಿ ಪೋಸ್ಟ್‌ಮ್ಯಾನ್ ಆದೆ," ಎಂದು ಭಾವ ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಟ್ಟ. "ಹೋಗಿ ಮಾತಾಡೇ ಮಾರಾಯ್ತಿ."

ಗೀಚಿ ಕೆಳಗಿಳಿದಳು. ಅಕ್ಕ ಮರುದಿನಕ್ಕೆ ಕೆಲಸದ ಯೂನಿಫಾರ್ಮ್ ಕೋಟು ಇಸ್ತ್ರಿ ಮಾಡುತ್ತಿದ್ದಳು.

"ಅಕ್ಕಾ, ಅದು ನಾನು ಬರೆದಿದ್ದರಲ್ಲೆಲ್ಲ ಒಳ್ಳೇದು. ನೀನು ಎಷ್ಟು ಚಂದ ಕಾಣ್ತೀಯ ಅದರಲ್ಲಿ, ಗೊತ್ತಾ?"

"ನನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ. ಅದಕ್ಕೇ ಕೇಳಬೇಕಿತ್ತು." ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ನಾನು ಕೇಳಿದಾಗ ಏನಂದೆ? ಬಟಾಣಿ! ನಿನ್ನ ಕಣ್ಣಿಗೆ ನಾನು ಬಟಾಣಿನೇನೇ?"

ಗೀಚಿಗೂ ಸಿಟ್ಟು ಬಂತು. ಇಷ್ಟು ವರ್ಷಕ್ಕೆ ಒಂದು ಅವಕಾಶ, ಅದಕ್ಕೂ ಕಲ್ಲು ಹಾಕುತ್ತಾಳಲ್ಲ ಎಂದುಕೊಂಡು, ಧಡಧಡ ಮೆಟ್ಟಿಲು ಏರಿ ಬಂದು ಹಾಸಿಗೆಯ ಮೇಲೆ ಬಿದ್ದಳು. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ತಾನು ಬರೆದ ನಗುವಲ್ಲ. ಶೆಡ್ಡಿನಲ್ಲಿ ಬಾಯಿಗೆ ಹೋದ ಆ ಕೈ.

ಮರುದಿನ ಅಂಗಡಿಯಿಂದ ನೇರ ಗ್ಯಾಲರಿಗೆ ಹೋದಳು. ಎದುರು ಗೋಡೆಗೆ ಆಗಲೇ ಬಿಳಿ ಸುಣ್ಣ ಬಳಿದು, ಮೇಲೆ ದೀಪ ಕೂರಿಸಿದ್ದರು. ವಿಷಯ ಕೇಳಿ ಯಜಮಾನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ, ನಿಮ್ಮ ಅಕ್ಕ ಇವತ್ತು ಬೇಜಾರು ಮಾಡ್ಕೊಂಡಿದ್ದಾರೆ, ನಾಳೆ ಸರಿಹೋಗ್ತಾರೆ. ಎಲ್ಲರ ಮನೇಲೂ ಇದು ಇದ್ದದ್ದೇ. ಈ ಚಿತ್ರ ಇಟ್ಟರೆ ಜನ ನಿಮ್ಮ ಹೆಸರು ನೆನಪಿಟ್ಕೋತಾರೆ. ಬಿಟ್ಟರೆ, ಅಚ್ಚುಕಟ್ಟಾಗಿ ಬರೀತಾರೆ ಪಾಪ ಅಂತ ಹೇಳಿ ಮನೆಗೆ ಹೋಗ್ತಾರೆ."

ಅದು ಸುಳ್ಳಲ್ಲ ಎಂದು ಗೀಚಿಗೂ ಗೊತ್ತಿತ್ತು. ದೀಪದ ಬೆಳಕು ಬಿದ್ದ ಖಾಲಿ ಗೋಡೆಯನ್ನು ನೋಡುತ್ತ ನಿಂತಳು. ಆ ಜಾಗದಲ್ಲಿ ಆ ಚಿತ್ರ ಎಷ್ಟು ಚೆನ್ನಾಗಿ ಕೂರುತ್ತದೆಂದು ಕಣ್ಣಿಗೆ ಕಟ್ಟುತ್ತಿತ್ತು.

"ಬೇಡ ಮೇಡಂ," ಎಂದಳು. "ಅವಳು ದಿನಾ ಆ ಕಿಂಡಿ ಮುಂದೆ ಕೂರಬೇಕು."

"ಹಾಗಾದರೆ ಅಷ್ಟೇ ದೊಡ್ಡದು ಇನ್ನೊಂದು ತನ್ನಿ. ಈ ಗೋಡೆ ಖಾಲಿ ಬಿಡೋಕಾಗಲ್ಲ," ಎಂದರು ಯಜಮಾನಿ. ಸ್ವರದಲ್ಲಿ ಬೇಸರ ಇತ್ತು, ಮುಚ್ಚಿಡಲಿಲ್ಲ.

ಮನೆಗೆ ಬಂದು ಗೀಚಿ ಆ ಚಿತ್ರವನ್ನು ಅಕ್ಕನ ಮುಂದೆ ತಂದು ಇಟ್ಟಳು. "ನಿಂದು. ಏನಾದರೂ ಮಾಡ್ಕೋ. ಪ್ರದರ್ಶನಕ್ಕೆ ಇಡಲ್ಲ. ತಪ್ಪಾಯ್ತು ಅಕ್ಕ."

ಅಕ್ಕ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟಳು. "ಮತ್ತೆ ಆ ಜಾಗಕ್ಕೆ?"

"ಗೊತ್ತಿಲ್ಲ. ಕೈನೇ ಓಡ್ತಿಲ್ಲ."

"ನನ್ನೇ ಬರಿ. ಹಲ್ಲು ಹಾಕ್ಕೊಂಡು ಕೂರ್ತೀನಿ. ಈ ಸಲ ಕದ್ದು ಬೇಡ."

ಮಂಡಿ ನೋವಿನಿಂದ ಅಕ್ಕ ಮಹಡಿ ಹತ್ತುವುದನ್ನೇ ಬಿಟ್ಟಿದ್ದಳು. ರಜೆಯ ದಿನ ಗೋಡೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಬೈಯುತ್ತ ಹತ್ತಿದಳು. ಕೋಣೆ ಹೊಕ್ಕವಳು ಸುತ್ತ ನೋಡಿದಳು. ತನ್ನ ಗಂಡ, ಪಕ್ಕದ ಮನೆಯವಳು, ಪರಿಚಯದ ಮುಖಗಳೆಲ್ಲ ಗೋಡೆಯುದ್ದಕ್ಕೂ ಕೂತಿದ್ದವು. "ಅಯ್ಯೋ, ಇಷ್ಟೊಂದು ಜನ ನಮ್ಮನೆ ಮೇಲೇ ಇದ್ರಾ?" ಎಂದಳು.

ಮೊದಲ ದಿನ ಏನೂ ಕೂಡಿಬರಲಿಲ್ಲ. ಇಸ್ತ್ರಿ ಹಾಕಿದ ಕೋಟು ತೊಟ್ಟು, ಬೆನ್ನು ಕೋಲಿನಂತೆ ಮಾಡಿ ಕೂತ ಅಕ್ಕ ಚಿತ್ರದಲ್ಲಿ ಮರದ ಗೊಂಬೆಯಾದಳು. "ಬಸ್‌ಪಾಸಿನ ಫೋಟೋ ಥರ ಇದೆ," ಎಂದು ಅವಳೇ ತೀರ್ಪು ಕೊಟ್ಟಳು. ಗೀಚಿ ಚಾಕುವಿನಿಂದ ಮುಖವನ್ನು ಕೆರೆದು ತೆಗೆದಳು. ಮುಂದಿನ ಸಲವೂ ಹಾಗೇ ಆಯಿತು. ಮೂರನೇ ಸಲ, ಕೂತು ಕೂತು ಬೇಸರ ಬಂದು, ಅಕ್ಕ ಮಾತಿಗೆ ಶುರುವಿಟ್ಟಳು.

"ಹಲ್ಲು ಹೋದಾಗ ನೋವಿಗಿಂತ ಹೆಚ್ಚು ಕಾಡಿದ್ದು ಏನು ಗೊತ್ತಾ? ಸ ಅಕ್ಷರ. ಕಟ್ಟಿಸಿದ ಹಲ್ಲಲ್ಲಿ ಸ ಅನ್ನೋಕೆ ಬರ್ತಿರಲಿಲ್ಲ. ಬರೀ ಗಾಳಿ. ಕೌಂಟರಲ್ಲಿ ಕೂತು ಸೇತುವೆ, ಸಿನಿಮಾ ಸರ್ಕಲ್, ಸರ್ಕಾರಿ ಆಸ್ಪತ್ರೆ ಅನ್ನದೆ ಆಗುತ್ತಾ? ಬಾಗಿಲು ಹಾಕ್ಕೊಂಡು ಕನ್ನಡಿ ಮುಂದೆ ದಿನಾ ಹೇಳ್ತಿದ್ದೆ. ಸೇತುವೆ, ಸೇತುವೆ, ಸೇತುವೆ."

ಗೀಚಿಯ ಕುಂಚ ನಿಂತಿತು. ಅದನ್ನು ಅವಳು ಆಗ ನೆಲದ ಮೂಲಕ ಕೇಳಿಸಿಕೊಂಡಿದ್ದಳು. ಅಕ್ಕ ಹೊಸ ರೂಟು ಬಾಯಿಪಾಠ ಮಾಡುತ್ತಿದ್ದಾಳೆಂದುಕೊಂಡು ತಲೆದಿಂಬು ಕಿವಿಗೆ ಒತ್ತಿ ಮಲಗುತ್ತಿದ್ದಳು.

"ಆಗ ಯಾಕೆ ಹೇಳಲಿಲ್ಲ?"

"ಹೇಳಿ? ನೀನು ಅದನ್ನೂ ಬರೆದುಬಿಡ್ತಿದ್ದೆ," ಎಂದಳು ಅಕ್ಕ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹುಬ್ಬು ಒಂದಿಷ್ಟು ಬಿಗಿದು, ಬಾಯಿ ಮಾತಿನ ನಡುವೆ ಅರ್ಧ ತೆರೆದು, ಕಣ್ಣು ನೇರವಾಗಿ ತಂಗಿಯ ಮೇಲೆ ನೆಟ್ಟಿತ್ತು.

"ಹಾಗೇ ಇರು. ಇದನ್ನ ಬರೀಲಾ?"

"ಬರಿ," ಎಂದಳು ಅಕ್ಕ. "ಬೇಗ. ಮಂಡಿ ಹಿಡ್ಕೋತಿದೆ."

ಭಾವ ಹೊಸದಕ್ಕೂ ಚೌಕಟ್ಟು ಹಾಕಿದ. ಗ್ಯಾಲರಿಯ ಯಜಮಾನಿ ಅದನ್ನು ದೀಪದ ಕೆಳಗಿಟ್ಟು ಹತ್ತಿರದಿಂದಲೂ ದೂರದಿಂದಲೂ ನೋಡಿ, "ಚೆನ್ನಾಗಿದೆ. ಆದರೆ ಮೊದಲನೇದೇ ಮೇಲು," ಎಂದರು.

"ಹೌದು," ಎಂದಳು ಗೀಚಿ. ವಾದ ಮಾಡಲು ಏನೂ ಇರಲಿಲ್ಲ. ಇಬ್ಬರೂ ಸೇರಿ ಮೊಳೆಗೆ ಗುರುತು ಹಾಕಿದರು.

ಪ್ರದರ್ಶನ ಶುರುವಾದ ಸಂಜೆ ಗ್ಯಾಲರಿ ತುಂಬಿ ತುಳುಕಲಿಲ್ಲ, ಖಾಲಿಯೂ ಇರಲಿಲ್ಲ. ಕನ್ನಡಕದ ಅಂಗಡಿಯ ಯಜಮಾನ ತನ್ನ ಚಿತ್ರದ ಪಕ್ಕದಲ್ಲೇ ಕಾವಲು ನಿಂತು, ಬಂದವರಿಗೆಲ್ಲ, "ನಾನು ನಿದ್ದೆ ಮಾಡ್ತಿರಲಿಲ್ಲ, ಯೋಚನೆ ಮಾಡ್ತಿದ್ದೆ," ಎಂದು ತಿಳಿಸಿ ಹೇಳುತ್ತಿದ್ದ. ಪತ್ರಿಕೆಯವನೊಬ್ಬ ಬಂದು, ಸುತ್ತು ಹಾಕಿ, ಬಿಸ್ಕತ್ತು ತಿಂದು, ಏನೂ ಬರೆದುಕೊಳ್ಳದೆ ಹೋದ. ಗೀಚಿಗೆ ಒಳಗೊಳಗೆ ಚುರುಕ್ಕೆಂದಿತು. ಮೊದಲನೆಯದು ಇದ್ದಿದ್ದರೆ ನಿಲ್ಲುತ್ತಿದ್ದನೇನೋ ಎಂಬ ಯೋಚನೆ ಬಂತು. ಬಂದದ್ದನ್ನು ಅವಳು ತಳ್ಳಲಿಲ್ಲ. ಇರಲಿ ಎಂದು ಬಿಟ್ಟಳು.

ಅಕ್ಕ ಕೆಲಸದ ಕೋಟಿನಲ್ಲೇ ಬಂದಿದ್ದಳು. ಜನ ಚಿತ್ರವನ್ನು ನೋಡಿ, ಅವಳನ್ನು ನೋಡಿ, "ಟಿಕೆಟ್ ಕೊಡೋರಲ್ವಾ ನೀವು?" ಎಂದರು. ಅವಳು ಬಿಗುಮಾನದಿಂದಲೇ ತಲೆಯಾಡಿಸಿದಳು. ಅವರಲ್ಲೊಬ್ಬರು, ನಿವೃತ್ತ ಮೇಷ್ಟ್ರು, ಬಹಳ ಹೊತ್ತು ನಿಂತು, ಆ ಚಿತ್ರವನ್ನು ಕೊಂಡು ಮನೆಗೆ ಒಯ್ಯಬೇಕೆಂದು ಯಜಮಾನಿಗೆ ಹೇಳಿದರು. "ಇವರು ನನ್ನ ಮೇಲೆ ರೇಗ್ತಿದ್ದಾರೆ ಅನ್ನಿಸುತ್ತೆ. ಒಂಟಿ ಮನೆ ನಂದು, ಯಾರಾದರೂ ರೇಗೋರು ಬೇಕು," ಎಂದರು.

ಗೀಚಿ ತಿರುಗಿ ಅಕ್ಕನತ್ತ ನೋಡಿದಳು. ಅಕ್ಕ ಆಗಲೇ ಮೇಷ್ಟ್ರ ಎದುರು ಹೋಗಿ ನಿಂತಿದ್ದಳು.

"ಎಲ್ಲಿ ಹಾಕ್ತೀರ ನನ್ನ?"

"ಊಟದ ಮೇಜಿನ ಎದುರಿಗೆ."

"ಒಲೆ ಹೊಗೆ ತಾಗುತ್ತಾ?"

"ಇಲ್ಲಮ್ಮ, ಅಡುಗೆಮನೆ ಬೇರೆ."

"ಬಿಸಿಲು?"

"ಬೆಳಗ್ಗೆ ಸ್ವಲ್ಪ."

"ಪರದೆ ಹಾಕಿಸಿ," ಎಂದಳು ಅಕ್ಕ. ಆಮೇಲೆ ಗೀಚಿಯ ಕಡೆ ತಿರುಗಿ, "ಸರಿ, ಕೊಡು," ಎಂದಳು.