ಸ್ಟ್ರೆಚರಿನ ಹಿಡಿಕೆ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತು, ಕೈಗಡಿಯಾರ ಎದೆಯ ಮೇಲಿದೆ, ಎರಡೂ ಕೈಗಳನ್ನು ಸ್ಟ್ರೆಚರಿನ ಪಟ್ಟಿಯೊಳಗೆ ಸೇರಿಸಿ ಬಿಗಿದಿದ್ದಾರೆ, ಕತ್ತು ಮಾತ್ರ ಅವನ ಮಾತು ಕೇಳುತ್ತದೆ, ಮೇಲೆ ಪ್ಲೈವುಡ್ ಚಾವಣಿ, ಅದರ ಮೇಲೆ ಪೆನ್ಸಿಲಿನ ಅಂಕಿ, ಅವನದೇ ಕೈಬರಹ — ನಾಲ್ಕು ವರ್ಷದಿಂದ ಈ ಹಡಗಿನ ಓಣಿಗಳಲ್ಲಿ ಓಡಾಡಿದ್ದಾನೆ, ಮೊದಲು ಕಾಗದದ ಮೇಲೆ, ಆಮೇಲೆ ಈ ಶೆಡ್ಡಿನಲ್ಲಿ ಕಟ್ಟಿ ನಿಲ್ಲಿಸಿದ ಮರದ ಮಾದರಿಯೊಳಗೆ, ಮಲಗಿಕೊಂಡು ನೋಡಿದ್ದು ಇದೇ ಮೊದಲು, ಮಲಗಿದವನಿಗೆ ಹಡಗೆಂದರೆ ಬರೀ ಚಾವಣಿ. ಎಪ್ಪತ್ತೊಂದು ಕಿಲೋ ಇದ್ದೀರಾ ಸರ್, ಎಂದು ಕಾಲಿನ ಕಡೆಯಿಂದ ಬಡಗಿ ಮೇಸ್ತ್ರಿ, ಹೌದು, ಗಾಯಾಳು ಎಂದರೆ ನಿಯಮದ ಪ್ರಕಾರ ಅಷ್ಟೇ ತೂಕ, ಅದಕ್ಕೇ ನಾನೇ ಮಲಗಿದ್ದು, ತಲೆಯ ಕಡೆ ಮೇಸ್ತ್ರಿಯ ಭಾಮೈದ, ಭಾವ, ಸಾಹೇಬ್ರು ನಿದ್ದೆ ಮಾಡಿದ್ರೆ ಏನ್ ಮಾಡೋದು, ಮಾಡ್ಲಿ ಬಿಡೋ, ನಾಲ್ಕು ವರ್ಷದ ಬಾಕಿ ನಿದ್ದೆ, ಇಬ್ಬರೂ ನಗುತ್ತಾರೆ, ಸ್ಟ್ರೆಚರ್ ಕೂಡ ಅವರ ಜೊತೆ ಅಲುಗುತ್ತದೆ, ಅವನಿಗೆ ನಗು ಬರುವುದಿಲ್ಲ. ನೂರ ಅರವತ್ಮೂರು ಮೀಟರ್ ಉದ್ದದ ಯುದ್ಧನೌಕೆ, ಒಂದೇ ನಕ್ಷೆಯಿಂದ ನಾಲ್ಕು ಹುಟ್ಟುತ್ತವೆ, ಮುಂದೆ ಒಂದು ದೊಡ್ಡ ತೋಪು, ಹಿಂದೆ ಒಂದು ಸಣ್ಣದು, ನಡುವೆ ನಾಲ್ಕು ಮುಖದ ರೇಡಾರ್, ನೆಲದಡಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕ್ಷಿಪಣಿ ಗೂಡುಗಳು, ಮೊದಲು ನಲವತ್ತೆಂಟು ಇದ್ದವು, ಆಮೇಲೆ ಐವತ್ತಾರು, ಈಗ ಅರವತ್ತನಾಲ್ಕು, ಪ್ರತಿ ಸಲ ಎಂಟು ಗೂಡು ಬಂದಾಗಲೂ ಎಲ್ಲೋ ಹನ್ನೆರಡು ಮಂಚ ಹೋದವು, ಒಗೆಯುವ ಕೋಣೆ ಹೋಯಿತು, ಓದುವ ಮೂಲೆ ಹೋಯಿತು, ಮುನ್ನೂರ ಹತ್ತು ಜನ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು, ಮೈ ಸುಟ್ಟರೆ ಯಾವ ದಾರಿಯಲ್ಲಿ ಹೊತ್ತುಕೊಂಡು ಹೋಗಬೇಕು, ಇಷ್ಟೇ ಅವನ ಕೆಲಸ, ಅವನನ್ನು ಸಭೆಗಳಲ್ಲಿ ಮಂಚದ ಮಾಮ ಎನ್ನುತ್ತಾರೆ, ಬೆನ್ನ ಹಿಂದೆ ಅಂದದ್ದು ಕೇಳಿಸದು ಅಂದುಕೊಂಡಿದ್ದಾರೆ, ಕಿವಿ ಇನ್ನೂ ಚೆನ್ನಾಗಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ, ಎಂದು ಒಂದು ಸಲ ಅಂದಿದ್ದ, ಶಸ್ತ್ರ ವಿಭಾಗದ ಮುಖ್ಯಸ್ಥೆ ತಣ್ಣಗೆ ಉತ್ತರ ಕೊಟ್ಟಿದ್ದಳು, ಸರ್, ಕ್ಷಿಪಣಿ ಬಂದು ಬಡಿದರೆ ಹಿಟ್ಟೂ ಇರಲ್ಲ ಹೊಟ್ಟೆನೂ ಇರಲ್ಲ, ತಡೆಯೋಕೆ ತೋಪು ಬೇಕು. ಅವಳೂ ಇವನ ಕೈಕೆಳಗೇ ಕೆಲಸ ಕಲಿತವಳು. ಕಾಗದ ನಂಬಬೇಡಮ್ಮ, ಮುಟ್ಟಿ ಅಳೆ, ಎಂದು ಹೇಳಿಕೊಟ್ಟವನೇ ಇವನು.

ಹೊರಡೋಣವಾ, ಎನ್ನುತ್ತಿದ್ದಾಳೆ ಅವಳು, ಮುಖ ಕಾಣುವುದಿಲ್ಲ, ಕಾಗದದ ಸದ್ದು ಕೇಳುತ್ತದೆ, ಹಿಂಭಾಗದ ನಿಯಂತ್ರಣ ಕೋಣೆಯಿಂದ ಚಿಕಿತ್ಸಾ ಕೋಣೆಗೆ, ಹದಿನಾಲ್ಕು ಮೀಟರ್, ಒಂದು ತಿರುವು, ಗಾಯಾಳುವನ್ನು ವಾಲಿಸದೆ, ಮಟ್ಟಸವಾಗಿ ಮಲಗಿಸಿಯೇ ಒಯ್ಯಬೇಕು, ಮೇಸ್ತ್ರಿ, ಎತ್ತಿ — ತಡೀರಿ ಮೇಡಂ, ಹಿಡಿಕೆ ಎಳೀಬೇಕು, ಟಕ್, ಕಾಲಿನ ಕಡೆ, ಟಕ್, ತಲೆಯ ಕಡೆ, ಕೊಳವೆಯೊಳಗಿಂದ ಹಿಡಿಕೆಗಳು ಹೊರಗೆ ಜಾರಿ ಕಚ್ಚಿಕೊಂಡ ಸದ್ದು, ಆ ಸದ್ದು ಅವನ ಬೆನ್ನುಹುರಿಗೇ ತಗುಲಿತು, ಹಿಡಿಕೆ — ಹಿಡಿಕೆ ಎಲ್ಲಿತ್ತು ಅವತ್ತು, ಉಗ್ರಾಣದ ಗೋಡೆ, ಮೊಳೆಗೆ ತೂಗುಹಾಕಿದ ಮಾದರಿ ಸ್ಟ್ರೆಚರ್, ನಾಲ್ಕು ವರ್ಷದ ಹಿಂದೆ, ಮಧ್ಯಾಹ್ನ ಊಟದ ಹೊತ್ತು, ಉಗ್ರಾಣದವನು ಬೀಗ ಹಾಕುವ ಅವಸರದಲ್ಲಿದ್ದ, ಬೇಗ ಮುಗ್ಸಿ ಸ್ವಾಮಿ, ಇವನು ಗೋಡೆಯ ಮೇಲಿದ್ದ ಹಾಗೆಯೇ ಟೇಪು ಹಿಡಿದ, ಒಂದು ಮೀಟರ್ ಎಂಬತ್ಮೂರು, ಅಳತೆಯ ಪಟ್ಟಿಯಲ್ಲಿ ಬರೆದ, ಸಹಿ ಹಾಕಿದ, ಕೆಳಗಿಳಿಸಲಿಲ್ಲ, ಹಿಡಿಕೆ ಎಳೆದು ನೋಡಲಿಲ್ಲ, ಹಿಡಿಕೆಗಳು ಒಳಗೆ ತಳ್ಳಿಕೊಂಡಿದ್ದವು, ಒಂದೊಂದು ಬದಿಗೂ ಇಪ್ಪತ್ಮೂರು ಸೆಂಟಿಮೀಟರ್ — ಇಪ್ಪತ್ಮೂರು, ಇಪ್ಪತ್ಮೂರು, ಹೊರುವವರೇ ಇಲ್ಲದ ಸ್ಟ್ರೆಚರನ್ನು ಅಳೆದು ಬಂದಿದ್ದ. ಆ ಅಂಕಿಯಿಂದಲೇ ಓಣಿಗೆ ಬೇಕಾದ ಅಗಲದ ಲೆಕ್ಕ ಹುಟ್ಟಿತು, ಆ ಲೆಕ್ಕ ನೋಡಿಯೇ ಅವಳು ಕೇಳಿದ್ದಳು, ಸರ್, ಲೆಕ್ಕದಲ್ಲಿ ನಿಮ್ಮ ಓಣಿ ಬೇಕಾದ್ದಕ್ಕಿಂತ ಅಗಲ ಇದೆಯಲ್ಲ, ಹಿಂದಿನ ತೋಪಿನ ವಿದ್ಯುತ್ ಪೆಟ್ಟಿಗೆಗೆ ಜಾಗ ಬಿಟ್ಟುಕೊಡ್ತೀರಾ, ಅವನು ದೊಡ್ಡ ಮನಸ್ಸು ಮಾಡಿದವನಂತೆ ತಗೋ ಎಂದಿದ್ದ, ಆಮೇಲೆ ಮೂರು ವರ್ಷ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದ, ನೋಡಿ, ಗಾಯಾಳುಗಳ ದಾರಿಯನ್ನೂ ತಿಂದಳು.

ಎತ್ತಿದರು, ಚಾವಣಿ ಜಾರುತ್ತಿದೆ, ಭಾವ ನಿಧಾನ, ನಿಧಾನವೇ ಕಣೋ, ಇದೇನು ಮೆರವಣಿಗೆಯಾ, ಮೇಸ್ತ್ರಿಯ ಉಸಿರು, ಪ್ಲೈವುಡ್ಡಿನ ಹಸಿ ಅಂಟಿನ ವಾಸನೆ, ಬೆನ್ನಿನ ಕೆಳಗೆ ಕ್ಯಾನ್ವಾಸು, ಅಕ್ಕನ ಬೆನ್ನಿನ ಕೆಳಗೂ ಇಂಥದೇ ಕ್ಯಾನ್ವಾಸು, ಹೋದ ವರ್ಷ, ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ, ಮೂರನೇ ಮಹಡಿ, ಮೆಟ್ಟಿಲಿನ ತಿರುವಿನಲ್ಲಿ ಆಂಬುಲೆನ್ಸಿನವರು ನಿಂತುಬಿಟ್ಟರು, ತಿರುಗಲ್ಲ ಸಾರ್ ಇದು, ಅವನೇ ಹೇಳಿದ್ದು, ಯಾರೂ ಅಲ್ಲ ಅವನೇ, ಕುರ್ಚಿ ತನ್ನಿ, ಕೂರಿಸಿಕೊಂಡು ಇಳಿಸಿ, ಅಕ್ಕ ಕಿರುಚಲಿಲ್ಲ, ಅವನ ಕೊರಳಪಟ್ಟಿ ಹಿಡಿದುಕೊಂಡಿದ್ದಳು, ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್‌ರೇ ಚಿತ್ರ ಹಿಡಿದು ನೋಡಿ, ಮಲಗಿಸಿಯೇ ತಂದಿದ್ದರೆ ಮೂಳೆ ಇಷ್ಟು ಸರಿದಿರುತ್ತಿರಲಿಲ್ಲ, ಅಂದರು, ಅಷ್ಟೇ. ಅಂದಿನಿಂದ ಅಕ್ಕ ಮಂಚದ ಮೇಲೆ, ಬೆಳಿಗ್ಗೆ ಕಾಫಿ ಕೊಟ್ಟಾಗೆಲ್ಲ ಒಂದು ಕುಟುಕು, ಲೋ, ಸಮುದ್ರದಲ್ಲಿ ತೇಲೋ ಮನೆ ಅಳೀತೀಯ, ಇರೋ ಮನೆ ಮೆಟ್ಟಿಲು ಅಳೀಲಿಲ್ವಲ್ಲೋ, ಅವನು ಪ್ರತಿ ಸಲ ಒಂದೇ ಉತ್ತರ, ಕಟ್ಟಿದವನ ತಪ್ಪು ಅಕ್ಕ, ಮೆಟ್ಟಿಲು ಕಟ್ಟಿದವನದು, ಹೂಂ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಲೋಟ ಕೆಳಗಿಡುತ್ತಾಳೆ ಅಕ್ಕ —

ಗುದ್ದಿತು. ಹಿಡಿಕೆಯ ತುದಿ ಎದುರು ಗೋಡೆಗೆ, ಇನ್ನೊಂದು ತುದಿ ಹಿಂದಿನ ಗೋಡೆಗೆ, ಮೇಸ್ತ್ರಿ ಒಂದಿಷ್ಟು ಹಿಂದೆ, ಭಾಮೈದ ಒಂದಿಷ್ಟು ಮುಂದೆ, ಪ್ಲೈವುಡ್ ಕೆರೆಯುವ ಸದ್ದು, ತಿರುಗಲ್ಲ ಮೇಡಂ, ಮೇಸ್ತ್ರಿ ಅಂದ, ಅದೇ ಮಾತು, ಬೇರೆ ಬಾಯಿ. ಓರೆ ಮಾಡಿ, ಅವಳೆಂದಳು, ಪಟ್ಟಿ ಬಿಗಿದಿದೆಯಲ್ಲ, ಓರೆ ಮಾಡಿದ್ರೆ ಹೋಗುತ್ತೆ, ಮಾಡಿದರು, ಲೋಕ ಎಡಕ್ಕೆ ವಾಲಿತು, ಅವನ ಎಪ್ಪತ್ತೊಂದು ಕಿಲೋವೂ ಮೂರು ಪಟ್ಟಿಗಳ ಮೇಲೆ ಜೋತುಬಿತ್ತು, ಕೆನ್ನೆ ಮರಕ್ಕೆ ಉಜ್ಜಿತು, ಮೂಳೆ ಮುರಿಯದವನಿಗೇ ಹೀಗಾದರೆ, ಸೀಳಿದ ಹೊಟ್ಟೆ ಹಿಡಿದುಕೊಂಡವನಿಗೆ, ಸುಟ್ಟ ಮೈಯವನಿಗೆ, ಕತ್ತಲಲ್ಲಿ, ನೆಲವೂ ಓಲಾಡುವಾಗ — ಆಯ್ತು, ನೆಟ್ಟಗಾಯಿತು, ತಿರುವು ದಾಟಿತು, ಸ್ಟ್ರೆಚರ್ ಕೆಳಗಿಳಿಯಿತು. ಹೋಯ್ತಲ್ಲ ಸರ್, ಅವಳ ದನಿಯಲ್ಲಿ ಬೇಡಿಕೆಯಿದೆ, ಇನ್ನು ಒಂಬತ್ತು ದಿನಕ್ಕೆ ಉಕ್ಕು ಕತ್ತರಿಸೋಕೆ ಶುರು, ಪೆಟ್ಟಿಗೆ ತಯಾರಾಗಿ ಬಂದಿದೆ, ಅದನ್ನು ಕದಲಿಸಿದರೆ ತೋಪಿನ ಕೇಬಲ್ ದಾರಿಯೆಲ್ಲ ಮತ್ತೆ ಬರೀಬೇಕು, ಮೊದಲ ಹಡಗು ಐದು ತಿಂಗಳು ತಡ, ಉತ್ತೀರ್ಣ ಅಂತ ಬರೆದುಬಿಡಿ ಸರ್. ಬರೆಯಬಹುದು, ಜೂನಿಗೆ ಅವನ ನಿವೃತ್ತಿ, ಬರೆದರೆ ನಾಲ್ಕು ಹಡಗಿನಲ್ಲೂ ಮೂವತ್ತು ವರ್ಷ ಗಾಯಾಳುಗಳು ಓರೆಯಾಗುತ್ತಾರೆ, ಅವನಂತೂ ನೋಡಲಿಕ್ಕಿರುವುದಿಲ್ಲ. ಇಲ್ಲವೇ ಅನುತ್ತೀರ್ಣ, ಕಾರಣ ಶಸ್ತ್ರ ವಿಭಾಗದ ಪೆಟ್ಟಿಗೆ, ಎಂದು ಬರೆಯಬಹುದು, ಎಲ್ಲರೂ ನಂಬುತ್ತಾರೆ, ನಂಬುವ ಹಾಗೆ ಮೂರು ವರ್ಷದಿಂದ ಅವನೇ ನೆಲ ಹದಮಾಡಿಟ್ಟಿದ್ದಾನೆ, ಪಟ್ಟಿ ಬಿಚ್ಚಿ ಮೇಸ್ತ್ರಿ, ಎದ್ದು ಕೂತ, ಕಣ್ಣ ಮುಂದೆ ಹಿಡಿಕೆ, ಕಚ್ಚಿಕೊಂಡ ಹಿಡಿಕೆ, ತುದಿಗೆ ಮರದ ಪುಡಿ.

ಉದ್ದ ತಪ್ಪಾಗಿ ಬರೆದಿದ್ದು ನಾನಮ್ಮ, ಅಂದ, ಹಿಡಿಕೆ ಎಳೆಯದೆ ಅಳೆದಿದ್ದೆ, ನಿನ್ನ ಪೆಟ್ಟಿಗೆ ನಾನು ಕೊಟ್ಟ ಅಂಕಿಯ ಮೇಲೆ ಕೂತಿದೆ. ಮುಟ್ಟಿ ಅಳೆ ಅಂತಿದ್ರಿ, ಎಂದಳು ಅವಳು, ಸಿಟ್ಟಿಲ್ಲದೆ, ಅದೇ ಕಷ್ಟವಾಯಿತು. ಅಂತಿದ್ದೆ. ನಮೂನೆಯ ಹಾಳೆ ತೆಗೆದುಕೊಂಡ, ಫಲಿತಾಂಶ, ಅನುತ್ತೀರ್ಣ, ಕಾರಣ, ವಾಸ ವಿನ್ಯಾಸಕನ ಅಳತೆಯ ತಪ್ಪು, ಕೆಳಗೆ ತನ್ನ ಹೆಸರು, ಕೊರತೆ ಎಷ್ಟು ಎಂಬ ಸಾಲು ಮಾತ್ರ ಖಾಲಿ, ಮೇಸ್ತ್ರಿ, ಟೇಪು ಕೊಡಿ, ಈ ತುದಿ ಹಿಡ್ಕೊಳ್ಳಿ, ಬಿಗಿಯಾಗಿ, ಹಿಡಿಕೆ ಹಿಡಿಕೆ ಹಿಡಿಕೆ, ಬೇರೇನೂ ಬರುತ್ತಿಲ್ಲ ತಲೆಯೊಳಗೆ, ಎಳೆದ ಹಿಡಿಕೆಯ ಸಮೇತ ತಿರುಗಲು ಒಂದು ಮೀಟರ್ ಇಪ್ಪತ್ತೆರಡು ಬೇಕು, ಇರುವುದು, ಟೇಪಿನ ಮೇಲೆ ಬೆರಳಿಟ್ಟು ಓದಿದ, ಒಂದು ಮೀಟರ್ ಆರು ಸೆಂಟಿ, ಎಷ್ಟು ಕಡಿಮೆ ಸರ್, ಎಂದಳು ಅವಳು, ಪೆನ್ನು ಹಿಡಿದು.

ಹದಿನಾರು ಸೆಂಟಿಮೀಟರ್.